ಬಲಿಷ್ಠರ ತಂಡ ಸೋಲುವುದೇಕೆ?

ಪ್ರಶ್ನೆ: ನಿರ್ಜನ ಜಾಗದಲ್ಲಿ ಬದುಕುತ್ತ ಪೈಪೋಟಿ ನಡೆಸುವ ಅಮೆರಿಕದ ‘ಸರ್ವೈವರ್’ ಟಿ.ವಿ. ಕಾರ್ಯಕ್ರಮದ ತಂಡ ಸ್ಪರ್ಧೆಗಳಲ್ಲಿ ಬಲಿಷ್ಠರೇ ತುಂಬಿರುವ ತಂಡ ಸೋಲುವುದನ್ನು ಎಷ್ಟೋ ಸಲ ನೋಡಿದ್ದೇನೆ. ಹಗ್ಗಜಗ್ಗಾಟ ಆಡಿ ಬೆಳೆದ ನನಗೆ ಇದು ಅರ್ಥವಾಗುತ್ತಿಲ್ಲ. ಕಾರಣವೇನು?
– ಓದುಗರೊಬ್ಬರು, ವಿರಾಜಪೇಟೆ

ಉತ್ತರ: ಸ್ವೀಡನ್ನಿನಲ್ಲಿ 1997ರಲ್ಲಿ ಬೇರೆ ಹೆಸರಿನಿಂದ ಆರಂಭವಾಗಿ 2000ದಲ್ಲಿ ಅಮೆರಿಕಕ್ಕೆ ಬಂದ ಈ ಆಟದಲ್ಲಿ, ಓಟ, ಈಜು, ಭಾರ ಹೊರುವಿಕೆ ಮುಗಿದ ಮೇಲೆ ಅನೇಕ ಬಾರಿ ಒಗಟು ಜೋಡಿಸುವ ಹಂತ ಬರುತ್ತದೆ, ಮೊದಲು ಓಡಿ ಬಂದವರು ಅಲ್ಲಿಯೇ ಹಿಂದೆ ಬೀಳುತ್ತಾರೆ. ಅರೆಹೊಟ್ಟೆ, ಅರೆನಿದ್ದೆಯಲ್ಲಿ ದಿನಗಳನ್ನು ಕಳೆದವರ ತೋಳುಗಳಲ್ಲಿ ಮೊದಲ ದಿನದ ಕಸುವೂ ಉಳಿದಿರುವುದಿಲ್ಲ. ಹಗ್ಗಜಗ್ಗಾಟದಲ್ಲಿಯೂ ಒಂದೇ ಕೂಗಿಗೆ ಎಲ್ಲರೂ ಒಟ್ಟಾಗಿ ಕಾಲೂರದಿದ್ದರೆ ಹಗ್ಗ ಕದಲುವುದಿಲ್ಲವೆಂಬುದನ್ನು ತಾವು ಬಲ್ಲಿರಿ.

ಆದರೆ ನನ್ನ ದೃಷ್ಟಿಯಲ್ಲಿ ಮುಖ್ಯ ಕಾರಣ ಬೇರೆ. ಸೋತ ತಂಡವು ತನ್ನವರಲ್ಲೇ ಒಬ್ಬರನ್ನು ಮತ ಹಾಕಿ ಹೊರಗೆ ಕಳುಹಿಸಬೇಕಾಗಿರುವುದರಿಂದ, ಜೊತೆಗಾರನ ಮೇಲಿನ ನಂಬಿಕೆ ಸ್ಪರ್ಧೆಗೆ ಮೊದಲೇ ಬಿರುಕು ಬಿಟ್ಟಿರುತ್ತದೆ. ಅದೇ 1997ರಲ್ಲಿ ಕರಡ ಗ್ರಾಮದಲ್ಲಿ ಆರಂಭವಾದ ನಮ್ಮ ಕೊಡವ ಕುಟುಂಬಗಳ ಹಾಕಿ ಹಬ್ಬವನ್ನು ನೆನೆಯಿರಿ: ಒಂದೇ ಒಕ್ಕದವರು, ಅಂದರೆ ಒಂದೇ ಮನೆತನದವರು, ಒಂದು ತಂಡವಾಗಿ ಆಡುವ ಅಲ್ಲಿ, ಪಂದ್ಯ ಸೋತರೂ ಎಲ್ಲರೂ ಕೂಡಿಯೇ ಊರಿಗೆ ಮರಳುತ್ತಾರೆ.