ಮೈಸೂರಿನ ಸಂಸ್ಕೃತ ದಿನಪತ್ರಿಕೆ 'ಸುಧರ್ಮಾ' ಯಾವಾಗ ಶುರುವಾಯ್ತು, ಈಗ್ಲೂ ಬರ್ತಿದ್ಯಾ?

ಶುರುವಾಗಿದ್ದು 1970ರ ಜುಲೈನಲ್ಲಿ, ಪಂಡಿತ ವರದರಾಜ ಅಯ್ಯಂಗಾರ್ ಅವ್ರಿಂದ, ಅವ್ರದ್ದೇ ಪ್ರಿಂಟಿಂಗ್ ಪ್ರೆಸ್ ಇತ್ತು, ಸಂಸ್ಕೃತದಲ್ಲಿ ದಿನಾ ನ್ಯೂಸ್ ಯಾರು ಓದ್ತಾರೆ ಅಂತ ಜನ ಕೇಳಿದ್ರೂ ಬಿಡ್ಲಿಲ್ಲ. ಪೇಪರ್ ಅಂದ್ರೆ ನಾವು ಅಂದ್ಕೊಳ್ಳೋ ಹಾಗೆ ದಪ್ಪ ಇಲ್ಲ, ಚಿಕ್ಕದು, ಅಂಗಡೀಲಿ ಸಿಗೋದಕ್ಕಿಂತ ಹೆಚ್ಚಾಗಿ ಅಂಚೆಯಲ್ಲೇ ಚಂದಾದಾರರ ಮನೆಗೆ ಹೋಗುತ್ತೆ, ಅದ್ರಲ್ಲಿ ಸಂಸ್ಕೃತ ಪಾಠಶಾಲೆ, ಲೈಬ್ರರಿಗಳೂ ಇವೆ. ಅವ್ರ ನಂತರ ಮಗ ಸಂಪತ್ ಕುಮಾರ್, ಸೊಸೆ ಜಯಲಕ್ಷ್ಮಿ ನಡೆಸಿದ್ರು, ಜಾಹೀರಾತು ಅಷ್ಟಾಗಿ ಇಲ್ದೆ ದಿನಪತ್ರಿಕೆ ನಡೆಸೋದು ಎಷ್ಟು ಕಷ್ಟ ಯೋಚ್ನೆ ಮಾಡಿ, ಆಮೇಲೆ ಇ-ಪೇಪರ್ ಕೂಡ ತಂದ್ರು. 2020ರಲ್ಲಿ ಇಬ್ರಿಗೂ ಪದ್ಮಶ್ರೀ ಬಂತು, ನನಗಂತೂ ತುಂಬಾ ಖುಷಿಯಾಗಿತ್ತು. ಮರುವರ್ಷ ಜೂನ್‌ನಲ್ಲಿ ಸಂಪತ್ ಕುಮಾರ್ ತೀರ್ಕೊಂಡ್ರು, ಪತ್ರಿಕೆ ಮಾತ್ರ ನಿಲ್ಲಲಿಲ್ಲ.