ಲಂಡನ್–ನ್ಯೂಯಾರ್ಕ್: ದೂರ ಒಂದೇ ಆದರೂ ಹೋಗೋಕೆ ಎಂಟು ಗಂಟೆ, ಬರೋಕೆ ಏಳು ಯಾಕೆ?

ಟಿಕೆಟ್‌ನಲ್ಲಿ ಹೋಗೋಕೆ ಎಂಟು ಗಂಟೆ ಅಂತ ನೋಡಿದವರು ಲೆಕ್ಕ ಹಾಕಿ ಕೇಳೋದು ಹೀಗೆ: ಲಂಡನ್‌ನಿಂದ ನ್ಯೂಯಾರ್ಕ್‌ಗೆ ವಿಮಾನದ ದಾರಿ ಸುಮಾರು 5,550 ಕಿ.ಮೀ., ವೇಗ ಗಂಟೆಗೆ 900 ಕಿ.ಮೀ., ಅಂದಮೇಲೆ ಆರು ಗಂಟೆ ಸ್ವಲ್ಪ ಮೇಲಾದರೆ ಸಾಕಲ್ಲ? ದೂರ ಸರಿಯಾಗೇ ಇದೆ. ವೇಗವೂ ಹೆಚ್ಚುಕಮ್ಮಿ ಸರಿ. ಆದರೆ ಆ 900 ಅನ್ನೋದು ಸುತ್ತಲಿನ ಗಾಳಿಗೆ ಹೋಲಿಸಿದ ವೇಗ, ನೆಲಕ್ಕೆ ಹೋಲಿಸಿದ್ದಲ್ಲ. ಲೆಕ್ಕ ಜಾರಿದ್ದು ಅಲ್ಲೇ.

ಗಾಳಿ ಅಲ್ಲಿ ಸುಮ್ಮನೆ ನಿಂತಿರೋದಿಲ್ಲ. ಉತ್ತರ ಅಟ್ಲಾಂಟಿಕ್ ಮೇಲೆ, ವಿಮಾನಗಳು ಹಾರುವ ಹತ್ತು–ಹನ್ನೆರಡು ಕಿ.ಮೀ. ಎತ್ತರದಲ್ಲೇ, ಪಶ್ಚಿಮದಿಂದ ಪೂರ್ವಕ್ಕೆ ಜೆಟ್ ಸ್ಟ್ರೀಮ್ ಅನ್ನೋ ರಭಸದ ಗಾಳಿಯ ಹೊಳೆ ಹರಿಯುತ್ತೆ. ನ್ಯೂಯಾರ್ಕ್‌ಗೆ ಹೋಗುವಾಗ ಅದು ಎದುರು ಗಾಳಿ, ಬರುವಾಗ ಬೆನ್ನಿಗೆ ಬೀಸುವ ಗಾಳಿ. ಚಳಿಗಾಲದಲ್ಲಿ ಅದರ ರಭಸ ಇನ್ನೂ ಜಾಸ್ತಿ. ಒಂದು ಜನವರಿಯಲ್ಲಿ ಈ ದಾರಿಯಲ್ಲಿ ಹೋದಾಗ ನಾನು ಎದುರಿನ ಪರದೆಯಲ್ಲಿ ನಕ್ಷೆ ಬಿಟ್ಟು ಬೇರೇನೂ ನೋಡಲಿಲ್ಲ. ಐರ್ಲೆಂಡ್ ದಾಟಿ ಸಮುದ್ರದ ಮೇಲೆ ಬಂದಾಗ ನೆಲದ ವೇಗ 760ರ ಆಸುಪಾಸಿನಲ್ಲೇ ಇತ್ತು. ವಾಪಸ್ ಬರುವಾಗ ಅದೇ ನೀರಿನ ಮೇಲೆ 1,050 ದಾಟಿತು. ಎಂಜಿನ್ ಸದ್ದು ಬದಲಾಗಲಿಲ್ಲ, ಮೈಗೂ ಏನೂ ಗೊತ್ತಾಗಲಿಲ್ಲ. ಅಂಕಿ ಮಾತ್ರ ಮುನ್ನೂರರಷ್ಟು ಏರಿತ್ತು!

2020ರ ಫೆಬ್ರವರಿಯಲ್ಲಿ, ಸಿಯಾರಾ ಬಿರುಗಾಳಿಯ ಹೊತ್ತಿಗೆ, ಬ್ರಿಟಿಷ್ ಏರ್‌ವೇಸ್‌ನ ಒಂದು ಬೋಯಿಂಗ್ 747 ನ್ಯೂಯಾರ್ಕ್‌ನಿಂದ ಲಂಡನ್‌ಗೆ 4 ಗಂಟೆ 56 ನಿಮಿಷದಲ್ಲಿ ಬಂತು. ನೆಲದ ವೇಗ 1,300 ದಾಟಿತ್ತು. ಹಾಗಂತ ಅದು ಶಬ್ದದ ವೇಗವನ್ನು ಮೀರಲಿಲ್ಲ, ಯಾಕಂದ್ರೆ ತನ್ನ ಸುತ್ತಲಿನ ಗಾಳಿಯಲ್ಲಿ ಅದು ಎಂದಿನ ವೇಗದಲ್ಲೇ ಹೋಗ್ತಿತ್ತು.

‘ಭೂಮಿ ಕೆಳಗಿಂದ ತಿರುಗುತ್ತೆ, ಹಾಗಾಗಿ ಪಶ್ಚಿಮಕ್ಕೆ ಹೋಗುವವರಿಗೆ ಊರೇ ಎದುರು ಬರುತ್ತೆ’ ಅಂತ ಯಾರಾದರೂ ಹೇಳಿದರೆ ನಂಬಬೇಡಿ. ಭೂಮಿಯ ಜೊತೆ ಗಾಳಿಯೂ ವಿಮಾನವೂ ತಿರುಗುತ್ತಲೇ ಇರ್ತವೆ. ಆ ಮಾತು ನಿಜವಾಗಿದ್ದರೆ ಪಶ್ಚಿಮದ ಪ್ರಯಾಣವೇ ಬೇಗ ಮುಗಿಯಬೇಕಿತ್ತು, ಆಗ್ತಿರೋದು ಅದರ ಉಲ್ಟಾ.

ಇನ್ನೊಂದು ವಿಷಯ, ಟಿಕೆಟ್‌ನಲ್ಲಿರುವುದು ಬರೀ ಹಾರಾಟದ ಸಮಯವಲ್ಲ. ಒಂದು ಗೇಟಿನಿಂದ ಇನ್ನೊಂದು ಗೇಟಿನವರೆಗಿನ ಸಮಯ ಅದು. ರನ್‌ವೇಗೆ ಸಾಲಿನಲ್ಲಿ ನಿಲ್ಲೋದು, ಇಳಿಯುವ ಮುಂಚೆ ಸುತ್ತು ಹಾಕೋದು, ತಡವಾದೀತು ಅಂತ ಕಂಪನಿ ಇಟ್ಟುಕೊಂಡ ಹೆಚ್ಚುವರಿ ನಿಮಿಷ ಎಲ್ಲ ಸೇರಿರುತ್ತೆ. ದಾರಿಯೂ ದಿನಾ ಒಂದೇ ಅಲ್ಲ. ಅಟ್ಲಾಂಟಿಕ್ ಮೇಲಿನ ಮಾರ್ಗಗಳನ್ನು ಗಾಳಿ ನೋಡಿಕೊಂಡು ಪ್ರತಿದಿನ ಹೊಸದಾಗಿ ಹಾಕ್ತಾರೆ.

ಹಾಗಾಗಿ ನೀವೇ ಲೆಕ್ಕ ಹಾಕೋದಾದರೆ, ಪಶ್ಚಿಮಕ್ಕೆ 900ರಲ್ಲಿ 120 ಕಳೆದು, ಪೂರ್ವಕ್ಕೆ ಅಷ್ಟೇ ಕೂಡಿಸಿ ದೂರವನ್ನು ಭಾಗಿಸಿ, ಮೇಲೆ ಮುಕ್ಕಾಲು ಗಂಟೆ ಸೇರಿಸಿ. ಹೋಗೋಕೆ ಎಂಟು ಗಂಟೆಯ ಹತ್ತಿರ ಬರುತ್ತೆ, ಬರೋಕೆ ಆರು ಗಂಟೆ ಚಿಲ್ಲರೆ. ಬಾಕಿ ಉಳಿದದ್ದು ಆ ಹೆಚ್ಚುವರಿ ನಿಮಿಷಗಳ ಬಾಬತ್ತು.

ಟಿಕೆಟ್‌ನಲ್ಲಿ ಬೆಳಗ್ಗೆ 11ಕ್ಕೆ ಹೊರಟು ಮಧ್ಯಾಹ್ನ 2ಕ್ಕೆ ತಲುಪುತ್ತೆ ಅಂತಿದ್ದರೆ ಮೂರೇ ಗಂಟೆ ಅಂದುಕೊಳ್ಳಬೇಡಿ, ಎರಡೂ ಆಯಾ ಊರಿನ ಗಡಿಯಾರದ ಸಮಯ. ಎರಡಕ್ಕೂ ಐದು ಗಂಟೆ ವ್ಯತ್ಯಾಸ. ಮಾರ್ಚ್‌ನಲ್ಲಿ ಎರಡು–ಮೂರು ವಾರ, ಅಕ್ಟೋಬರ್ ಕೊನೆಯಲ್ಲಿ ಒಂದು ವಾರ ಅದು ನಾಲ್ಕಾಗುತ್ತೆ, ಯಾಕಂದ್ರೆ ಅಮೆರಿಕದವರು ಬ್ರಿಟನ್‌ನವರಿಗಿಂತ ಮೊದಲೇ ಗಡಿಯಾರ ಮುಂದಕ್ಕೆ ತಿರುಗಿಸ್ತಾರೆ, ಅವರಿಗಿಂತ ತಡವಾಗಿ ಹಿಂದಕ್ಕೆ ತಿರುಗಿಸ್ತಾರೆ. ಆ ವಾರಗಳಲ್ಲಿ ಹೊರಡೋದಾದರೆ, ಕರೆದೊಯ್ಯಲು ಬರುವವರಿಗೆ ಅಲ್ಲಿಯ ಸಮಯವನ್ನೇ ಹೇಳಿ.