ಅನುಪಾತವನ್ನು ಜಾತಕದಂತೆ ಓದಬೇಡಿ

ಆಗ್ನೇಯ ಏಷ್ಯಾದ ಒಕ್ಕೂಟವಾದ ಆಸಿಯಾನ್‌ನ ದೇಶಗಳ ಬಗ್ಗೆ ಮೈಸೂರು, ಮಂಡ್ಯ ಭಾಗದ ಓದುಗರು ಕಳುಹಿಸುವ ಪ್ರಶ್ನೆಗಳು ಹೆಚ್ಚುಕಡಿಮೆ ಒಂದೇ ತೆರನಾಗಿರುವುದರಿಂದ ಈ ಸಲ ಅವುಗಳನ್ನು ಒಟ್ಟಿಗೆ ಎತ್ತಿಕೊಂಡಿದ್ದೇನೆ. ಸದಸ್ಯರು ಯಾರು, ಒಕ್ಕೂಟ ಹುಟ್ಟಿದ್ದು ಯಾವಾಗ ಎಂಬುದು ಶಾಲಾ ಪುಸ್ತಕದಲ್ಲಿಯೇ ಸಿಗುತ್ತದೆ.

ಪ್ರಶ್ನೆ: ಸಿಂಗಪುರದ ಆಮದು–ರಫ್ತು ಅದರ ಜಿಡಿಪಿಯ ಶೇ 300ನ್ನು ದಾಟಿದೆ, ಇಂಡೊನೇಷ್ಯಾದ್ದು ಶೇ 40ರ ಆಸುಪಾಸಿನಲ್ಲಿದೆ. ಹಾಗಾದರೆ ಇಂಡೊನೇಷ್ಯಾ ಜಾಗತಿಕ ಅರ್ಥವ್ಯವಸ್ಥೆಯಿಂದ ದೂರ ಉಳಿದಿದೆಯೇ? ಈ ಅನುಪಾತ ಹೆಚ್ಚಿದ್ದಷ್ಟೂ ದೇಶ ಭದ್ರವೆಂದು ಹೂಡಿಕೆ ಶಿಬಿರವೊಂದರಲ್ಲಿ ಹೇಳಿದರು. (ಮಂಡ್ಯ)

ಉತ್ತರ: ಹೇಳಿದವರಿಗೆ ಆ ಅನುಪಾತ ಏನನ್ನು ಅಳೆಯುತ್ತದೆ ಎಂಬುದೇ ತಿಳಿದಿಲ್ಲ. ಜಿಡಿಪಿಯಲ್ಲಿ ಸೇರುವುದು ದೇಶದೊಳಗೆ ಹೊಸದಾಗಿ ಸೃಷ್ಟಿಯಾದ ಮೌಲ್ಯ ಮಾತ್ರ. ಆಮದು–ರಫ್ತಿನ ಲೆಕ್ಕದಲ್ಲಿ ಸರಕಿನ ಪೂರ್ತಿ ಬೆಲೆ ಸೇರುತ್ತದೆ, ಅದೂ ಒಳಬರುವಾಗ ಒಮ್ಮೆ, ಹೊರಹೋಗುವಾಗ ಇನ್ನೊಮ್ಮೆ. ದೇವರಾಜ ಮಾರುಕಟ್ಟೆಯ ವ್ಯಾಪಾರಿ 100 ರೂಪಾಯಿಗೆ ಕೊಂಡ ವೀಳ್ಯದೆಲೆಯನ್ನು 110ಕ್ಕೆ ಮಾರಿದರೆ ವಹಿವಾಟು 210 ರೂಪಾಯಿ, ಸಂಪಾದನೆ 10 ರೂಪಾಯಿ. ಸಿಂಗಪುರದ ರಫ್ತಿನಲ್ಲಿ ದೊಡ್ಡ ಪಾಲು ಹೀಗೆ ಬಂದು ಹೋಗುವ ಮರುರಫ್ತು. ವಿಯೆಟ್ನಾಂ ಕೂಡ ಬಿಡಿಭಾಗಗಳನ್ನು ಹೊರಗಿನಿಂದ ತರಿಸಿ, ಬಾಕ್ ನಿನ್, ಥಾಯ್ ನ್ಗುಯೆನ್ ಪ್ರಾಂತ್ಯಗಳ ಸ್ಯಾಮ್‌ಸಂಗ್ ಕಾರ್ಖಾನೆಗಳಲ್ಲಿ ಫೋನು ಜೋಡಿಸಿ ಕಳುಹಿಸುತ್ತದೆ; ಅದರ ಅನುಪಾತವೂ ಶೇ 100ನ್ನು ಬಹಳ ಹಿಂದೆಯೇ ದಾಟಿದೆ. ಇಂಡೊನೇಷ್ಯಾದಲ್ಲಿ 27 ಕೋಟಿಗೂ ಹೆಚ್ಚು ಜನರಿದ್ದು, ಬೆಳೆದದ್ದರಲ್ಲಿ, ತಯಾರಾದದ್ದರಲ್ಲಿ ಬಹುಪಾಲು ಅಲ್ಲಿಯೇ ಖರ್ಚಾಗುವುದರಿಂದ ಅನುಪಾತ ತಾನಾಗಿಯೇ ತಗ್ಗುತ್ತದೆ. ಅಮೆರಿಕದ್ದು ಶೇ 25ರ ಸುಮಾರು. ಅಮೆರಿಕ ಜಗತ್ತಿನಿಂದ ದೂರವಿದೆ ಎಂದು ಆ ಶಿಬಿರದವರು ಹೇಳಿಯಾರೇ?

ಇದಕ್ಕಿಂತ ಮುಖ್ಯವಾದದ್ದು, ಜಗತ್ತಿನೊಡನೆ ನಂಟು ಬೆಳೆಯುವುದು ಸರಕಿನಿಂದ ಮಾತ್ರವಲ್ಲ ಎಂಬುದು. 1997ರ ಜುಲೈನಲ್ಲಿ ಥಾಯ್ಲೆಂಡ್ ತನ್ನ ಬಾತ್ ನಾಣ್ಯದ ಸ್ಥಿರ ದರವನ್ನು ಕೈಬಿಟ್ಟ ನಂತರ ಇಂಡೊನೇಷ್ಯಾದ ನಾಣ್ಯವಾದ ರುಪಿಯಾ ಕೂಡ ಬಿದ್ದು, ಡಾಲರಿನಲ್ಲಿ ಸಾಲ ಎತ್ತಿದ್ದ ಅಲ್ಲಿನ ಕಂಪನಿಗಳು ಹೊರೆ ತಾಳದೆ ಕುಸಿದವು. ಡಾಲರಿಗೆ ಸುಮಾರು 2,400ರಷ್ಟಿದ್ದ ರುಪಿಯಾ ಮರುವರ್ಷ 15,000ವನ್ನೂ ದಾಟಿತು. 1998ರಲ್ಲಿ ದೇಶದ ಉತ್ಪನ್ನ ಶೇ 13ರಷ್ಟು ಕುಗ್ಗಿತು. ಪೆಟ್ಟು ಬಂದದ್ದು ಬಂದರಿನ ದಾರಿಯಲ್ಲಲ್ಲ, ಬ್ಯಾಂಕಿನ ದಾರಿಯಲ್ಲಿ. 2009ರಲ್ಲಿ ಪಾಶ್ಚಾತ್ಯ ದೇಶಗಳ ಬೇಡಿಕೆಯೇ ಬಿದ್ದಾಗ ರಫ್ತನ್ನು ನೆಚ್ಚಿದ್ದ ಮಲೇಷ್ಯಾ, ಥಾಯ್ಲೆಂಡ್ ಕುಗ್ಗಿದವು, ಇಂಡೊನೇಷ್ಯಾ ಶೇ 4ಕ್ಕಿಂತ ಹೆಚ್ಚು ಬೆಳೆಯಿತು. ಫಿಲಿಪ್ಪೀನ್ಸ್‌ನ ನಂಟು ಇನ್ನೊಂದು ಬಗೆಯದು: ಹೊರದೇಶದಲ್ಲಿ ದುಡಿಯುವವರು ಕಳುಹಿಸುವ ಹಣ ಅದರ ಜಿಡಿಪಿಯ ಶೇ 8ರ ಆಸುಪಾಸಿನಲ್ಲಿದೆ, ಸರಕಿನ ಅನುಪಾತದಲ್ಲಿ ಇದು ಕಾಣಿಸುವುದೇ ಇಲ್ಲ. ಆದ್ದರಿಂದ ಸರಕು, ಸಾಲ, ದುಡಿಮೆ ಮೂರನ್ನೂ ಬೇರೆಬೇರೆಯಾಗಿ ಕೇಳಿ. ಒಂದೇ ಅಂಕಿ ತೋರಿಸಿ ದುಡ್ಡು ಹಾಕಿಸಿಕೊಳ್ಳುವ ಶಿಬಿರದಲ್ಲಿ ಕಾಫಿ ಕುಡಿದು ಎದ್ದು ಬನ್ನಿ. ನಾನಂತೂ ಅಂಥ ಕಡೆ ಫೋನ್ ನಂಬರನ್ನೂ ಬರೆದುಕೊಡುವುದಿಲ್ಲ.

ಪ್ರಶ್ನೆ: ಆಸಿಯಾನ್ ದೇಶಗಳಿಗೆ ಯೂರೋದಂತೆ ಒಂದೇ ನಾಣ್ಯ ಬರುವುದು ಯಾವಾಗ? (ಮೈಸೂರು)

ಉತ್ತರ: ಅಂಥ ಯೋಜನೆಯೇ ಇಲ್ಲ, ದಯವಿಟ್ಟು ವಾಟ್ಸ್‌ಆ್ಯಪ್ ಸಂದೇಶಗಳನ್ನು ನನಗೆ ಕಳುಹಿಸಬೇಡಿ.

ಪ್ರಶ್ನೆ: ನಮ್ಮ ರೇಷ್ಮೆ ಬೆಳೆಗಾರರ ಕಷ್ಟಕ್ಕೆ ಆಸಿಯಾನ್ ಜೊತೆ ಭಾರತ ಮಾಡಿಕೊಂಡ ಸುಂಕ ರಿಯಾಯಿತಿಯ ಒಪ್ಪಂದವೇ ಕಾರಣವಲ್ಲವೇ? (ಮಳವಳ್ಳಿ)

ಉತ್ತರ: ಬೆಲೆ ಬೀಳಿಸಿದ ಕಚ್ಚಾ ರೇಷ್ಮೆ ಬಹುಪಾಲು ಬಂದದ್ದು ಚೀನಾದಿಂದ, ಚೀನಾ ಆಸಿಯಾನ್ ಸದಸ್ಯನಲ್ಲ.

ಪ್ರಶ್ನೆ: ಆಸಿಯಾನ್ ಜೊತೆ ಒಪ್ಪಂದವಿರುವುದರಿಂದ ಮಂಡ್ಯದ ಬೆಲ್ಲವನ್ನು ಅಲ್ಲಿನ ಯಾವ ದೇಶಕ್ಕಾದರೂ ಸುಂಕವಿಲ್ಲದೆ ಕಳುಹಿಸಬಹುದು ಎಂದು ಏಜೆಂಟರೊಬ್ಬರು ಮುಂಗಡ ಕೇಳುತ್ತಿದ್ದಾರೆ. (ಪಾಂಡವಪುರ)

ಉತ್ತರ: 2010ರಲ್ಲಿ ಜಾರಿಗೆ ಬಂದ ಆ ಒಪ್ಪಂದದಲ್ಲಿ ರಿಯಾಯಿತಿ ಸರಕಿನಿಂದ ಸರಕಿಗೆ, ದೇಶದಿಂದ ದೇಶಕ್ಕೆ ಬದಲಾಗುತ್ತದೆ. ಸುಂಕದ ಪಟ್ಟಿಯಲ್ಲಿ ಬೆಲ್ಲ ಸಕ್ಕರೆಯ ಜೊತೆಗೇ ಬರುತ್ತದೆ. ಸಕ್ಕರೆಯನ್ನು ಕಾಪಾಡಿಕೊಳ್ಳದ ಸರ್ಕಾರಗಳು ಕಡಿಮೆ. ಕಳುಹಿಸಬೇಕಾದ ದೇಶದ ಪಟ್ಟಿಯಲ್ಲಿ ದರವನ್ನು ನೀವೇ ನೋಡಿ, ಸರಕು ಭಾರತದ್ದೇ ಎಂಬ ಮೂಲ ಪ್ರಮಾಣಪತ್ರವನ್ನು ಯಾರು ಕೊಡುತ್ತಾರೆ ಎಂದು ಏಜೆಂಟರನ್ನು ಕೇಳಿ. ಅದಕ್ಕೆ ಉತ್ತರ ಬಾರದಿದ್ದರೆ ಮುಂಗಡದ ಮಾತು ಬೇಡ.